ತೆರೆಯ ಮೇಲಿನ ಮುದುಕಿಗೆ ಹಾರಲು ಬಾರದು

ನಮ್ಮ ದೊಡ್ಡವ್ವ, ಅಂದರೆ ತಾಯಿಯ ಅಕ್ಕ, ಒಮ್ಮೆ ಸಿನೆಮಾದಲ್ಲಿ ಸತ್ತಿದ್ದಾಳೆ. ಅದರ ಶೂಟಿಂಗಿನ ದಿನ ನಿಜವಾಗಿಯೂ ಸಾಯುವವಳಿದ್ದಳು. ನಾನು ಅಲ್ಲೇ ನಿಂತಿದ್ದೆ.

ಆಗ ನಾನು ಪುಣೆಯಲ್ಲಿ ದೊಡ್ಡವ್ವನ ಜೊತೆಗಿದ್ದು ಬಿ.ಎ. ಓದುತ್ತಿದ್ದೆ. ನಾವು ಬಾಡಿಗೆಗಿದ್ದ ವಾಡೆಯ ಮಹಡಿಯಲ್ಲಿ ಬೆಳಗಾವಿ ಕಡೆಯ ಸಿನೆಮಾ ಡೈರೆಕ್ಟರರೊಬ್ಬರಿದ್ದರು. ಸಾಸವಡದ ದಾರಿಯ ಘಾಟಿನಲ್ಲಿ ಶೂಟಿಂಗ್ ಇದೆಯೆಂದು ನಮ್ಮಿಬ್ಬರನ್ನೂ ಕರೆದೊಯ್ದರು. ಸೊಸೆ ಹೊರಹಾಕಿದ ಮುದಿ ತಾಯಿ ಎತ್ತಿನ ಗಾಡಿಯಲ್ಲಿ ಘಾಟು ಇಳಿಯುವ ದೃಶ್ಯ. ತಾಯಿಯ ಪಾತ್ರದ ನಟಿಗೆ ಇಪ್ಪತ್ತೈದೂ ಆಗಿರಲಿಲ್ಲ. ತಲೆಗೆ ಬಿಳಿ ಪುಡಿ ಮೆತ್ತಿಕೊಂಡು, ನಡು ಬಗ್ಗಿಸಿ, ಹೆಜ್ಜೆಗೊಮ್ಮೆ ಕೆಮ್ಮುತ್ತಿದ್ದಳು.

"ಪಾಪ, ಈ ಹುಡುಗಿಗೆ ಏನಾಗ್ಯದೋ ತಮ್ಮಾ?" ಎಂದಳು ದೊಡ್ಡವ್ವ.

"ಏನಾಗಿಲ್ಲ, ಮುದುಕಿ ಆಗ್ಯಾಳ."

"ನನಗ ಅರವತ್ತಾತು. ನಾ ಯಾವಾಗ ಹಿಂಗ ಕೆಮ್ಮೇನಿ?"

ಇಳಿಜಾರು ನೋಡಿದ ನಟಿ ಗಾಡಿ ಹತ್ತಲು ಒಪ್ಪಲಿಲ್ಲ. ಡೈರೆಕ್ಟರರು ದೊಡ್ಡವ್ವನ ಕಡೆ ತಿರುಗಿದರು. "ದೂರದಿಂದ ತೆಗಿತೇವ್ರಿ, ಮುಖ ಕಾಣೂದಿಲ್ಲ. ನೀವರೆ ಕೂಡ್ರಿ."

"ಕೂಡತೇನಿ. ಕೆಮ್ಮೂದಿಲ್ಲ ಮತ್ತ."

ಗಾಡಿ ಹೊರಟಿತು. ಬಿಸಿಲನ್ನು ಪಾತ್ರಧಾರಿಗಳ ಮೇಲೆ ತಿರುಗಿಸುವ ತಗಡಿನ ಹಲಗೆಯ ಹೊಳಪು ಎತ್ತುಗಳ ಕಣ್ಣಿಗೆ ರಪ್ಪನೆ ಬಡಿಯಿತು. ಅವು ಬೆದರಿ ಓಡಿದವು. ಪಕ್ಕದಲ್ಲಿ ನಡೆಯುತ್ತಿದ್ದ ಗಾಡಿಯವನ ಕೈಯಿಂದ ಹಗ್ಗ ಜಾರಿತು. ಮುಂದೆ ತಿರುವು, ಅದರಾಚೆ ಬರೀ ಗಾಳಿ. ದೊಡ್ಡವ್ವ ಎದ್ದು ನಿಂತು, ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ದಾರಿ ಬದಿಯ ಮಣ್ಣಿಗೆ ಹಾರಿಬಿಟ್ಟಳು. ಗಾಡಿ ತಿರುವಿನ ಕಲ್ಲಿಗೆ ಬಡಿದು ಮಗುಚಿಬಿತ್ತು. ಎತ್ತುಗಳು ಹೇಗೋ ಉಳಿದವು.

ನಾನು ಓಡಿ ಹೋಗುವಷ್ಟರಲ್ಲಿ ಅವಳು ಮೊಣಕೈ ಮಣ್ಣು ಕೊಡವುತ್ತಿದ್ದಳು. ಡೈರೆಕ್ಟರರೂ ಏದುಸಿರು ಬಿಡುತ್ತ ಬಂದು, ಅವಳ ಕೈಕಾಲು ನೋಡಿ, ತಲೆ ಕೆರೆದುಕೊಂಡರು.

"ದೇವರು ದೊಡ್ಡಾಂವ ರೀ. ಗಾಡಿ ಮಗುಚಿದ್ದು ಸಿನೆಮಾದಾಗ ಇಟಗೋತೇನಿ. ಆದರ ನೀವು ಹಾರಿದ್ದು ತೆಗದ ಹಾಕಬೇಕಾಗ್ತದ. ಮುದುಕಿ ಹಂಗ ಹಾರ್ತಾಳಂದ್ರ ಜನ ನಂಬೂದಿಲ್ಲ."

"ಹಂಗಾರ ನಾ ಏನ ಮಾಡಬೇಕಾಗಿತ್ತರೀ? ಕೆಮ್ಮಬೇಕಾಗಿತ್ತೇನು?"

ಸಿನೆಮಾ ಬಂದಾಗ ಇಬ್ಬರೂ ನೋಡಲು ಹೋದೆವು. ತೆರೆಯ ಮೇಲೆ ಗಾಡಿ ಓಡತೊಡಗಿದೊಡನೆ ನಾನು ದೊಡ್ಡವ್ವನ ರಟ್ಟೆ ಹಿಡಿದುಕೊಂಡೆ. ತೆರೆಯ ಮೇಲಿನ ಗಾಡಿಯಲ್ಲಿ ಅವಳು ಎದ್ದು ನಿಂತಳು, ಸೀರೆ ಎತ್ತಿದಳು, ಅಷ್ಟೆ. ಮರುಕ್ಷಣ ಪುಡಿ ಮೆತ್ತಿದ ಹುಡುಗಿ ಕಲ್ಲಿನ ಪಕ್ಕ ಸಾಯುತ್ತ ಬಿದ್ದಿದ್ದಳು. ಸುತ್ತಲಿನ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಆ ಗಾಡಿ ಇಂದಿಗೂ ನನ್ನ ಕನಸಿನಲ್ಲಿ ಇಳಿಯುತ್ತದೆ, ಮತ್ತು ಅಲ್ಲಿಯೂ ಆ ಹಾರುವ ಗಳಿಗೆಯೇ ಇರುವುದಿಲ್ಲ.

"ಕೈ ಬಿಡೋ, ನೋವಾಗ್ತದ," ಎಂದಳು ದೊಡ್ಡವ್ವ. "ಸತ್ತಾಕಿ ಆಕಿ, ನಾ ಅಲ್ಲ."