ಮೊದಲು ಬೆಳಕು, ಆಮೇಲೆ ಬೆರಳು

ಅಮೆರಿಕದ ಟೆನೆಸಿಯ ಪುಟ್ಟ ಊರಿನ ಚರ್ಚಿನ ಬಾಗಿಲು ಕಾಯುವ ವರ್ಲಿನಣ್ಣನ ಸೊಂಟದಲ್ಲಿ ಪಿಸ್ತೂಲಿಗಿಂತ ಅದರ ಒಡವೆಗಳೇ ಹೆಚ್ಚು: ನಳಿಗೆಯ ಕೆಳಗೊಂದು ಪುಟ್ಟ ಟಾರ್ಚು, ಅದರ ಪಕ್ಕದಲ್ಲಿ ಗುರಿಯ ಮೇಲೆ ಕೆಂಪು ಚುಕ್ಕೆ ಇಡುವ ಲೇಸರು. "ನಮ್ಮ ಕ್ರಿಸ್‌ಮಸ್ ಮರಕ್ಕೂ ಇಷ್ಟು ದೀಪ ಇಲ್ವಲ್ಲೋ ಮಾರಾಯ," ಎಂದು ಹೆಂಡತಿ ಓಪಲ್ ಛೇಡಿಸಿದರೆ, "ಯಾರು ಅಂತ ಕಾಣದೆ ಹೊಡೆಯೋಕಾಗುತ್ತೇನೇ? ಮೊದಲು ಬೆಳಕು, ಆಮೇಲೆ ಬೆರಳು," ಎನ್ನುತ್ತಾನೆ. ಈ ಮಾತನ್ನು ಅವನು ಹಲ್ಲಿನ ಡಾಕ್ಟರಿಗೂ ಹೇಳಿದ್ದಾನೆ, ಬಾಯಿ ತೆರೆದುಕೊಂಡೇ. ಇಷ್ಟು ವರ್ಷಗಳಲ್ಲಿ ಆ ಬಾಗಿಲಿಗೆ ಬಂದ ವೈರಿಯೆಂದರೆ ಚರ್ಚಿನ ಊಟದ ಕರಿದ ಕೋಳಿಯ ವಾಸನೆ ಹಿಡಿದು ಬಂದ, ಬೆಕ್ಕಿಗಿಂತ ತುಸು ದೊಡ್ಡ ಕಾಡುಪ್ರಾಣಿ ರಕೂನ್ ಒಂದೇ. ಆದರೂ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಅವನ ಕಣ್ಣು ತೆರೆದೇ ಇರುತ್ತದೆ; ಅವನ ಪಾಲಿನ ಭಕ್ತಿ ಅದೇ, ಆ ಬಾಗಿಲು ತಪ್ಪಿದರೆ ಅವನಿಗೆ ಭಾನುವಾರವೇ ಇಲ್ಲವೆಂದು ಓಪಲ್ ಬಲ್ಲಳು. ಕಾವಲಿನವರು ವರ್ಷಕ್ಕೊಮ್ಮೆ ಗುರಿಯ ಪರೀಕ್ಷೆ ಕೊಡಬೇಕು. ಚುಕ್ಕೆ ತಟ್ಟೆಯಗಲದ ವೃತ್ತ ದಾಟಬಾರದು. ಈ ಸಲ ಅದು ಕಾದ ಕಾವಲಿಯ ಮೇಲಿನ ನೀರಹನಿಯಂತೆ ಒಳಗೂ ಹೊರಗೂ ಕುಣಿಯಿತು. "ಲೇಸರು ಕೆಟ್ಟಿರ್ಬೇಕು ಬಿಡಣ್ಣ," ಎಂದರು ಪಾದ್ರಿ. "ಅದು ಸರಿಯಾಗೇ ಇದೆ ಫಾದರ್, ಕೆಟ್ಟಿರೋದು ಕೈ," ಎಂದು ಅವನೇ ಗುಂಡು ತೆಗೆದು ಪಿಸ್ತೂಲನ್ನು ಅವರ ಕೈಗೆ ಕೊಟ್ಟುಬಿಟ್ಟ. ಬುಧವಾರದ ಸಂಜೆಪ್ರಾರ್ಥನೆಗೆ ಅವನು ಮನೆಯಿಂದ ಹೊರಡಲಾರನೆಂದು ಓಪಲ್ ಹೆದರಿದ್ದಳು. ಆದರೆ ಅವನು ಅವಳಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದ, ಕೊಡುವ ಮುನ್ನ ಪಿಸ್ತೂಲಿನಿಂದ ಬಿಚ್ಚಿಕೊಂಡಿದ್ದ ಟಾರ್ಚು ಹಿಡಿದು, ಮುದುಕಿಯರಿಗೆ ಮೆಟ್ಟಿಲು ತೋರಿಸುತ್ತ. "ನೆಟ್ಟಗೆ ಹಿಡಿಯೋ, ಮೆಟ್ಟಿಲು ಎರಡೆರಡು ಕಾಣ್ತಿವೆ!" ಎಂದು ಒಬ್ಬಳು ಗದರಿದಳು. ಓಪಲ್ ಅವನ ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಇಟ್ಟಳು. ಬೆಳಕು ಮೆಟ್ಟಿಲ ಮೇಲೆ ನಿಂತಿತು.