ಮುನಿರಾಜು ಅಳೆದ ನಾಲ್ಕು ಇಂಚು

ಬೆಳಗಿನ ಐದೂವರೆ. ಕೊಲ್ಲಿಯ ಕಡೆಯಿಂದ ಬಂದ ಮಂಜು ಸ್ಯಾನ್ ಮಟಿಯೋದ ಈ ಸಣ್ಣ ಬೇಸ್‌ಬಾಲ್ ಸ್ಟೇಡಿಯಮ್ಮಿನ ಮೇಲೆ ಇನ್ನೂ ಕೂತೇ ಇದೆ. ಮೈದಾನದ ನಡುವೆ ಹತ್ತು ಇಂಚು ಎತ್ತರದ ಮಣ್ಣಿನ ದಿಬ್ಬ. ಚೆಂಡೆಸೆಯುವ ಪಿಚರ್ ನಿಲ್ಲುವ ಜಾಗ ಅದು. ಅದರ ಮೇಲೆ ಐವತ್ತೊಂದು ವರ್ಷದ ಮುನಿರಾಜು ಮೊಣಕಾಲೂರಿ ಕೂತಿದ್ದಾರೆ. ಪಿಚರ್‌ನ ಎಡಗಾಲು ಬಂದು ಬೀಳುವ ಕಡೆ ಹಸಿ ಜೇಡಿಮಣ್ಣು ತುಂಬಿ, ಅಂಗೈಯಲ್ಲಿ ಒತ್ತಿ, ಮತ್ತೆ ಕೆರೆದು ತೆಗೆಯುತ್ತಾರೆ. ಇದು ಮೂರನೇ ಸಲ.

"ದಿನಾ ಒಂದೇ ಸಲಕ್ಕೆ ಕೂರ್ತದೆ. ಇವತ್ತು ಕೈ ಮೇಲೇ ನಂಬಿಕೆ ಬರ್ತಿಲ್ಲ," ಎನ್ನುತ್ತಾರೆ.

ಮಧ್ಯಾಹ್ನ ಒಂದು ಗಂಟೆಗೆ ಈ ದಿಬ್ಬ ಹತ್ತುವವನು ವೆಸ್ ಹಾಲ್ವರ್ಸನ್. ಮೂವತ್ತಮೂರು ವರ್ಷದ ಪಿಚರ್, ಮುನಿರಾಜು ಅವರ ಅಚ್ಚುಮೆಚ್ಚಿನ ಆಟಗಾರ. ಏಳು ವಾರದಿಂದ ಅವನು ಒಂದು ಪಂದ್ಯವನ್ನೂ ಆಡಿಲ್ಲ. ಅವನು ಆಡದಂತೆ ಆದದ್ದರಲ್ಲಿ ಮುನಿರಾಜು ಅವರ ಕೈಯೂ ಇದೆ.

ಮಂಡ್ಯದ ಕಾಲೇಜು ಮೈದಾನವೊಂದರಲ್ಲಿ ಹದಿನಾರು ವರ್ಷ ಕ್ರಿಕೆಟ್ ಪಿಚ್‌ಗೆ ನೀರು ಹಾಯಿಸಿ ರೋಲರ್ ಎಳೆದವರು ಮುನಿರಾಜು. ಹೆಂಡತಿ ಉಮಾಶ್ರೀಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿ, ಹನ್ನೊಂದು ವರ್ಷದ ಹಿಂದೆ ಅವರ ಜೊತೆ ಬಂದರು. ಮೊದಲು ಗ್ರೋಸರಿ ಅಂಗಡಿಯಲ್ಲಿ ಡಬ್ಬ ಜೋಡಿಸಿದರು. ಆಮೇಲೆ ಈ ಕೆಲಸ. ಎವರ್‌ಗ್ರೀನ್ ಬಡಾವಣೆಯ ಅಪಾರ್ಟ್‌ಮೆಂಟಿನಿಂದ ನಾಲ್ಕು ಗಂಟೆಗೆ ಹೊರಟರೆ ಫ್ರೀವೇ ಖಾಲಿ ಇರುತ್ತದೆ. ಸೀಸನ್ನಿಗೆ ನಲವತ್ತೆಂಟು ಪಂದ್ಯ, ಒಂದೊಂದು ಪಂದ್ಯಕ್ಕೆ ಎರಡೂವರೆ ಗಂಟೆ ಮೊಣಕಾಲಿನ ಮೇಲೆ. ಪ್ರೇಕ್ಷಕರು ಬರುವ ಹೊತ್ತಿಗೆ ಅವರು ಬೇಲಿಯ ಹಿಂದೆ, ಗುದ್ದಲಿ ಕುಂಟೆಗಳಿಡುವ ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಾರೆ.

ವೆಸ್ ಮೆಚ್ಚುಗೆಯಾದದ್ದು ನಾಲ್ಕು ವರ್ಷದ ಹಿಂದೆ. "ಎಲ್ಲರೂ ಗುಂಡಿ ಮಾಡಿ ಹೋಗೋರೆ. ಇವ್ನೊಬ್ಬ ಮಾತ್ರ ಇಳಿಯೋಕ್ಮುಂಚೆ ತಾನು ತೋಡಿದ್ದನ್ನ ಕಾಲಲ್ಲಿ ಎಳೆದು ಮುಚ್ಚಿ ಹೋಗೋನು. ಯಾರು ಇವ್ನು ಅಂತ ಅವತ್ತಿಂದ ನೋಡ್ತಾ ಬಂದೆ."

ನೋಡುವುದೆಂದರೆ ಅಳೆಯುವುದು. ವೆಸ್ ಆಡಿದ ಪ್ರತಿ ಪಂದ್ಯದ ನಂತರ, ಅವನು ನಿಂತ ಬಿಳಿ ಪಟ್ಟಿಯಿಂದ ಅವನೇ ಎಳೆದು ಮುಚ್ಚಿದ ಎಡಗಾಲಿನ ಗುಂಡಿಯವರೆಗೆ ಟೇಪು ಹಿಡಿದು ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಆರಡಿ ಒಂದು ಇಂಚು. ಈ ವರ್ಷ ಮೇ ತಿಂಗಳಿಡೀ ಅದೇ, ಜೂನ್ ಮೊದಲ ವಾರಗಳಲ್ಲೂ ಅದೇ. ವೆಸ್ ಎಸೆದ ಎಂಟು ಪಂದ್ಯಗಳಲ್ಲಿ ತಂಡ ಏಳು ಗೆದ್ದಿತ್ತು. ಮೊಣಕೈ ಆಪರೇಷನ್ ಆದ ಮೇಲೆ ದೊಡ್ಡ ಲೀಗಿನವರು ಮರೆತೇಬಿಟ್ಟಿದ್ದ ಅವನನ್ನು ನೋಡಲು ಜುಲೈ ಮಧ್ಯದಲ್ಲಿ ಒಬ್ಬ ಆಯ್ಕೆಗಾರ ಬರುತ್ತಾನೆಂಬ ಸುದ್ದಿಯೂ ಬಂತು.

ಜೂನ್ ಕೊನೆಗೆ ಗುಂಡಿ ಒಂದು ಇಂಚು ಹಿಂದೆ ಸರಿಯಿತು. ಮುಂದಿನ ಪಂದ್ಯಕ್ಕೆ ಎರಡೂವರೆ. ಜುಲೈ ಎರಡನೇ ವಾರಕ್ಕೆ ನಾಲ್ಕು.

"ಸೊಂಟ ನೋಯ್ದೆ, ಭುಜ ನೋಯ್ದೆ ಯಾವನೂ ಹೆಜ್ಜೆ ಗಿಡ್ಡ ಮಾಡಾಕಿಲ್ಲ. ಏನೋ ಮುಚ್ಚಿಡ್ತಾವ್ನೆ ಅಂತ ಗೊತ್ತಾಯ್ತು."

ಆ ಎರಡನೇ ವಾರದ ಪಂದ್ಯದಲ್ಲೇ ವೆಸ್ ಕಾಲು ಜಾರಿದ. ಮಣ್ಣು ಮೆತ್ತಗಿತ್ತು ಎಂದು ಎಲ್ಲರ ಮುಂದೆ ಹೇಳಿದ. ಮರುದಿನ ಮೈದಾನದ ಮೇಲ್ವಿಚಾರಕರು ಮುನಿರಾಜು ಕೈಗೆ ಎಚ್ಚರಿಕೆಯ ಪತ್ರ ಕೊಟ್ಟರು. ಇನ್ನೊಂದು ದೂರು ಬಂದರೆ ಕೆಲಸ ಹೋಗುತ್ತದೆ.

ಉಮಾಶ್ರೀ ಪತ್ರವನ್ನು ಎರಡು ಸಲ ಓದಿದರು. "ರೀ, ನೋಟ್‌ಬುಕ್ಕು ತೋರ್ಸಿ. ಪ್ರೂಫೇ ಇದೆಯಲ್ಲ."

"ತೋರ್ಸಿದ್ರೆ ಶುಕ್ರವಾರ ಅವನ್ನ ಆಡ್ಸಲ್ಲ. ಅವತ್ತು ಅವನ್ನ ನೋಡೋಕೆ ಬರೋನು ವಾಪಸ್ ಹೋಯ್ತಾನೆ."

"ತೋರಿಸ್ದೆ ಇದ್ರೆ ಅವನ ಕೈ ಹೋಗತ್ತೆ. ನೋವು ಮುಚ್ಚಿಟ್ಟುಕೊಂಡು ಬರೋರನ್ನ ವಾರ್ಡಲ್ಲಿ ದಿನಾ ನೋಡ್ತೀನಿ ನಾನು."

ಗುರುವಾರ ಬೆಳಿಗ್ಗೆ ಮುನಿರಾಜು ನೋಟ್‌ಬುಕ್ಕನ್ನು ಆಫೀಸಿಗೆ ಒಯ್ಯದೆ ಸೀದಾ ವೆಸ್‌ನ ಮುಂದೆ ಬಿಚ್ಚಿ ಹಿಡಿದರು. ವೆಸ್ ಅಂಕಿಗಳನ್ನು ಕೆಳಗಿನವರೆಗೆ ಓದಿದ.

"ಯಾರಿಗಾದರೂ ಹೇಳಿದ್ದೀಯಾ?"

"ಇಲ್ಲ."

"ಹೇಳಬೇಡ. ನಾಳೆ ಒಂದು ದಿನ, ಮುನಿ. ನನಗೆ ಇನ್ನೊಂದು ನಾಳೆ ಸಿಗೋದಿಲ್ಲ."

ಆ ರಾತ್ರಿ ತಾವು ಮಲಗಲಿಲ್ಲವೆಂದು ಮುನಿರಾಜು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಹೇಳಿದರೆ ಅವನ ಅವಕಾಶ ಹಾಳು ಮಾಡಿದಂತೆ. ಹೇಳದಿದ್ದರೆ ಕೈ ಹಾಳಾಗುವುದನ್ನು ನಿಂತು ನೋಡಿದಂತೆ. ತಮ್ಮ ಕೆಲಸದ ಮಾತಂತೂ ಇದ್ದೇ ಇತ್ತು.

ಶುಕ್ರವಾರ ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ವೆಸ್ ಪಕ್ಕದ ಅಭ್ಯಾಸದ ದಿಬ್ಬದಲ್ಲಿ ಕೈ ಬಿಸಿ ಮಾಡಿಕೊಳ್ಳುತ್ತಿದ್ದ. ಆಯ್ಕೆಗಾರ ಮೂರನೇ ಸಾಲಿನಲ್ಲಿ ಬಂದು ಕೂತಾಗಿತ್ತು. ಮುನಿರಾಜು ಟೇಪು ಹಿಡಿದು ಒಳಗೆ ಹೋದರು. ಬಿಳಿ ಪಟ್ಟಿಯಿಂದ ಆರಡಿ ಒಂದು ಇಂಚು ಅಳೆದು, ಅಲ್ಲಿ ಬೆರಳಿನಿಂದ ಮಣ್ಣಿನ ಮೇಲೆ ಒಂದು ಗೆರೆ ಎಳೆದರು.

"ಇದು ನಿನ್ನ ಹೆಜ್ಜೆ. ಕಾಲು ಇಲ್ಲಿಗೆ ಬಂದ್ರೆ ಆಡು, ನಾನು ಬಾಯಿ ಬಿಡಲ್ಲ. ಬರದಿದ್ರೆ ನೀನೇ ಹೋಗಿ ಹೇಳು."

ವೆಸ್ ಎಸೆದ. ಕಾಲು ಗೆರೆಯ ಹಿಂದೆ ಬಿತ್ತು. ಮತ್ತೆ ಎಸೆದ. ಮೂರನೆಯದಕ್ಕೆ ಬೇಕೆಂದೇ ಕಾಲು ಚಾಚಿದ, ಗೆರೆ ಮುಟ್ಟಿತು. ಆದರೆ ಚೆಂಡು ಅಡ್ಡಾದಿಡ್ಡಿ ಹೋಗಿ ಬೇಲಿಗೆ ಬಡಿಯಿತು. ವೆಸ್ ಮೊಣಕೈ ಹಿಡಿದುಕೊಂಡು ಬಗ್ಗಿ ನಿಂತ. ಕೊನೆಗೆ ಗ್ಲೌಸ್ ಕಳಚಿ ಕೋಚ್ ಕಡೆ ನಡೆದ.

ಸ್ಕ್ಯಾನಿನಲ್ಲಿ ಮೊಣಕೈಯ ಮೂಳೆಗಳನ್ನು ಬಿಗಿದಿಡುವ ನಾರು ಅಂಚಿನಲ್ಲಿ ಹರಿಯತೊಡಗಿದ್ದು ಕಂಡಿತು. ಅವತ್ತು ಆಡಿದ್ದರೆ ಪೂರ್ತಿ ಹರಿಯುತ್ತಿತ್ತು ಎಂದರು ಡಾಕ್ಟರು. ಏಳು ವಾರ ವಿಶ್ರಾಂತಿ, ಆಪರೇಷನ್ ಬೇಕಿಲ್ಲ. ಮರುವಾರ ವೆಸ್ ತಾನಾಗಿ ಮೇಲ್ವಿಚಾರಕರ ಕೋಣೆಗೆ ಹೋಗಿ ಮಣ್ಣು ಸರಿಯಾಗಿಯೇ ಇತ್ತು, ಸುಳ್ಳು ಹೇಳಿದ್ದು ನಾನು ಎಂದ. ಎಚ್ಚರಿಕೆಯ ಪತ್ರ ವಾಪಸಾಯಿತು. ಆಯ್ಕೆಗಾರ ಮಾತ್ರ ಮತ್ತೆ ಬರಲಿಲ್ಲ.

ಈಗ ಒಂದು ಗಂಟೆ. ವೆಸ್ ದಿಬ್ಬ ಹತ್ತುತ್ತಾನೆ. ಬಿಡುವು ಮಾಡಿಕೊಂಡು ಬಂದಿರುವ ಉಮಾಶ್ರೀ ಗಂಡನ ಪಕ್ಕ ನಿಂತಿದ್ದಾರೆ. ಮೊದಲ ಎಸೆತ. ಸ್ಟೇಡಿಯಮ್ಮಿನ ಕಣ್ಣೆಲ್ಲ ಚೆಂಡಿನ ಮೇಲೆ, ಮುನಿರಾಜು ಕಣ್ಣು ಎಡಗಾಲಿನ ಮೇಲೆ. ಅದು ಹಳೆಯ ಜಾಗಕ್ಕೇ ಬಂದು ಬೀಳುತ್ತದೆ. ಹತ್ತನೇ ಎಸೆತಕ್ಕೆ ವೆಸ್ ನಿಂತು ತೋಳು ಒದರುತ್ತಾನೆ. ಮುನಿರಾಜು ಬೇಲಿಯ ತಂತಿಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ.

"ಏನಿಲ್ಲ ಬಿಡ್ರೀ, ಶರ್ಟು ಸರಿ ಮಾಡ್ಕೊಂಡ," ಎನ್ನುತ್ತಾರೆ ಉಮಾಶ್ರೀ.

ಮೂರು ಇನ್ನಿಂಗ್ಸ್, ನಲವತ್ತೊಂದು ಎಸೆತ. ಎದುರಾಳಿಗೆ ಒಂದು ರನ್ನು. ಡಾಕ್ಟರು ಹೇಳಿದ ಮಿತಿ ಮುಟ್ಟಿದೊಡನೆ ಕೋಚ್ ಅವನನ್ನು ಕರೆಸಿಕೊಳ್ಳುತ್ತಾರೆ. ಪಂದ್ಯವನ್ನು ತಂಡ ಸೋಲುತ್ತದೆ. ಮುಂದಿನ ವರ್ಷ ವೆಸ್‌ಗೆ ಜಾಗ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಜನ ಖಾಲಿಯಾದ ಮೇಲೆ ಮುನಿರಾಜು ಹೊಸ ಜೇಡಿಯ ಬಕೆಟ್ಟು ಹಿಡಿದು ಒಳಗೆ ಬರುತ್ತಾರೆ. ಇಂದಿನ ಪಂದ್ಯದಿಂದ ಅವರಿಗೆ ಏನು ಸಿಕ್ಕಿತು ಎಂದು ಕೇಳಿದರೆ ದಿಬ್ಬದ ಮೇಲೆ ಅಂಗೈ ಒತ್ತುತ್ತಾರೆ.

"ಎರಡೂ ಟೀಮಿನ ಏಳು ಪಿಚರ್‌ಗಳು ಇದರ ಮೇಲೆ ನಿಂತ್ರು. ಮಣ್ಣಿನ ಬಗ್ಗೆ ಒಬ್ರೂ ಒಂದ್ ಮಾತು ಆಡ್ಲಿಲ್ಲ."