ಹೂಳಿಗೆ ಹೊಳಪು ಕೊಟ್ಟವನು

ಒಳಚರಂಡಿ ಇಲಾಖೆಯ ಚಿತ್ರಕಾರನಿಗೆ ಜೊತೆಯವರು ಇಟ್ಟಿದ್ದ ಹೆಸರು ಛೀ ಸಾಹೇಬ. ಬೆಳಿಗ್ಗೆ ಕಚೇರಿಯ ಬಾಗಿಲಿನ ಹಿಡಿಕೆ ಅಂಟಂಟು ಎಂದು ಒಂದು ಛೀ, ಗೋಡೆಯ ಬಣ್ಣಕ್ಕೆ ಒಂದು ಛೀ, ಆರಿ ಕೆನೆಗಟ್ಟಿದ ಚಹಾಕ್ಕೆ ಎರಡು. ಜಗತ್ತನ್ನು ಕಂಡು ಹೇಸುವುದಕ್ಕೆಂದೇ ಅವತರಿಸಿದ ಮಹಾಪುರುಷ. ಹೊಟ್ಟೆಪಾಡಿಗೂ ಹೇಸಿಗೆಯನ್ನೇ ನೆಚ್ಚಿಕೊಂಡಿದ್ದ. ಚಿತ್ರಕಲಾ ಶಾಲೆ ಮುಗಿಸಿದವನು ಮೊದಲು ಸೇರಿದ್ದು ವೈದ್ಯಕೀಯ ಪುಸ್ತಕಗಳ ಪ್ರಕಾಶಕರ ಬಳಿ. ಅಲ್ಲಿಗೆಂದು ಬರೆದ ಕಜ್ಜಿ, ಹುಣ್ಣು, ಕೀವುಗಳು ಎಂಥ ಜೀವಕಳೆಯಿಂದ ಕೂಡಿದ್ದವೆಂದರೆ, ಅವನ್ನು ಒಣಗಲು ಹರಡಿದ ದಿನ ಮನೆಯಲ್ಲಿ ಯಾರಿಗೂ ತುತ್ತು ಗಂಟಲಿಳಿಯುತ್ತಿರಲಿಲ್ಲ.

"ನಿನ್ ಕೈಗೆ ಕುಂಚ ಕೊಟ್ಟೋರು ಯಾರೋ," ಎಂದು ಅಕ್ಕ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಆ ಮಾತನ್ನು ಆತ ಪ್ರಶಸ್ತಿಯ ಹಾಗೆ ಕಾಪಾಡಿಕೊಂಡು ಬಂದಿದ್ದ.

ಈಗ ಎದುರಾದದ್ದು ಬದುಕಿನ ಮಹಾಯುದ್ಧ. ಊರಿನ ಕೆಳಗಿನ ಕೊಳವೆಗಳಿಗೆ ಯಂತ್ರ ಇಳಿಸಿ, ಎಲ್ಲಿ ಎಷ್ಟು ಹೂಳು ತುಂಬಿದೆಯೆಂದು ಇಲಾಖೆಯವರು ಅಳೆದಿದ್ದರು. ಹೂಳೆತ್ತುವ ವಾಹನ ಇದ್ದದ್ದು ಒಂದೇ. ಅದು ಮೊದಲು ಯಾವ ಬೀದಿಗೆ ಹೋಗಬೇಕೆಂದು ಸಮಿತಿಯವರು ಚಿತ್ರ ನೋಡಿ ತೀರ್ಮಾನಿಸುವವರಿದ್ದರು. ಅಕ್ಕನ ಬೀದಿಯಲ್ಲಾಗಲೇ ಬಚ್ಚಲಿನ ನೀರು ಕೆಳಗಿಳಿಯುವುದನ್ನು ಬಿಟ್ಟು ಮೇಲಕ್ಕೇರತೊಡಗಿತ್ತು.

ಎಂಜಿನಿಯರು ತಾವೇ ಒಂದು ನಕ್ಷೆ ಮಾಡಿಟ್ಟಿದ್ದರು: ಬೀದಿಗೊಂದರಂತೆ ಕೆಂಪು, ಹಸಿರು, ನೇರಳೆ ಕಂಬಗಳ ಸಾಲು.

"ಛೀ, ಇದೇನ್ ಸಾರ್, ಬಣ್ಣದ ಡಬ್ಬಿ ವಾಂತಿ ಮಾಡ್ಕೊಂಡ ಹಾಗಿದೆ."

"ಅಳತೆ ಗೊತ್ತಾದ್ರೆ ಸಾಕಲ್ವೇನ್ರೀ?"

"ಗೊತ್ತಾದ್ರೆ ಸಾಲ್ದು ಸಾರ್. ನೋಡಿದೋರಿಗೆ ಹೊಟ್ಟೆ ತೊಳಸ್ಬೇಕು."

ಛೀ ಸಾಹೇಬ ಕಂಪ್ಯೂಟರಿನ ಮುಂದೆ ಪಟ್ಟಾಭಿಷಿಕ್ತನಾದ. ಪ್ರತಿ ಬೀದಿಗೂ ಅದರ ಅಳತೆಯಷ್ಟೇ ಎತ್ತರಕ್ಕೆ ಹೂಳು ಪೇರಿಸಿದ. ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಮೇಲೆ ಲೋಳೆಯ ಪೊರೆ ಹೊದಿಸಿದ, ಜಿಡ್ಡಿನ ಉಂಡೆಗಳನ್ನು ತೇಲಿಸಿದ, ಒಡೆಯಲು ಕಾದು ಕುಳಿತ ಗುಳ್ಳೆಗಳನ್ನು ಎಬ್ಬಿಸಿದ. ಕೊನೆಗೆ, ರಾಜಮಹಾರಾಜರ ತೈಲಚಿತ್ರಗಳಲ್ಲಿ ಇರುವಂತೆ ಒಂದೇ ಪಕ್ಕದಿಂದ ಸಂಜೆಯ ಹೊಂಬೆಳಕು ಹಾಯಿಸಿದ. ಕೊಳಚೆಗೆ ಅಂಥ ರಾಜಮರ್ಯಾದೆ ಹಿಂದೆಂದೂ ದಕ್ಕಿರಲಿಲ್ಲ.

ಸಭೆಯಲ್ಲಿ ಚಿತ್ರ ಪರದೆಯ ಮೇಲೆ ಮೂಡಿದೊಡನೆ ಒಬ್ಬ ಸದಸ್ಯರು ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸಿಟ್ಟರು. ಇನ್ನೊಬ್ಬರು ಕರವಸ್ತ್ರ ಹುಡುಕಿದರು. ಛೀ ಸಾಹೇಬನ ಎದೆ ಉಬ್ಬಿತು.

"ಅಯ್ಯಪ್ಪ, ಆ ಬಟ್ಟೆ ಅಂಗಡಿ ಬೀದಿ ನೋಡಿ," ಎಂದರು ಅಧ್ಯಕ್ಷೆ, ಮುಖ ಕಿವುಚಿ. "ಹೇಗೆ ಫಳಫಳ ಅಂತಿದೆ. ಗಾಡಿ ಮೊದಲು ಅಲ್ಲಿಗೇ ಹೋಗ್ಲಿ."

ಎಲ್ಲರೂ ತಲೆಯಾಡಿಸಿದರು. ಚಿತ್ರಕಾರನ ಉಬ್ಬಿದ ಎದೆ ಅಲ್ಲೇ ನಿಂತಿತು. ಬಟ್ಟೆ ಅಂಗಡಿ ಬೀದಿಯಲ್ಲಿದ್ದದ್ದು ಪಾದ ಮುಳುಗುವಷ್ಟು ಹೂಳು; ಬೆಳಕು ನೇರವಾಗಿ ಬಿದ್ದು ಅದು ಮಿರುಗುತ್ತಿತ್ತು. ಅಕ್ಕನ ಬೀದಿಯ ಕೊಳವೆ ಮೇಲಿನವರೆಗೂ ತುಂಬಿ ಬಿರಿಯುತ್ತಿತ್ತು. ಆದರೆ ಅದು ನೆರಳಿನ ಪಕ್ಕ. ತಾನೇ ಮುತುವರ್ಜಿಯಿಂದ ಬಿಡಿಸಿದ ಕತ್ತಲೆಯೊಳಗೆ ಆ ಹೂಳೆಲ್ಲ ಹೊದ್ದು ಮಲಗಿತ್ತು.

ಜೇಬಿನಲ್ಲಿ ಫೋನು ಗುರ್ರೆಂದಿತು. ಅಕ್ಕ.

ಸುಮ್ಮನಿದ್ದರೆ ಹೊಗಳಿಕೆ ಇತ್ತು. ಬಾಯಿ ಬಿಟ್ಟರೆ ತನ್ನ ಮಹಾಕೃತಿಯನ್ನು ತಾನೇ ಕೊಲ್ಲಬೇಕಿತ್ತು. ಆತ ಒಮ್ಮೆ ಆ ಹೊಂಬೆಳಕನ್ನು ಕಣ್ತುಂಬ ನೋಡಿದ.

"ಮೇಡಂ, ಅದು ತಪ್ಪು ಬೀದಿ. ಹೊಳೀತಿರೋದು ಹೂಳಲ್ಲ, ನಾನ್ ಹಾಕಿದ್ ಬೆಳಕು."

ಸಭೆಯ ಎದುರೇ ಚಿತ್ರದೊಳಗಿನ ಬೆಳಕು ಆರಿಸಿದ. ಲೋಳೆ ಕಿತ್ತ. ಗುಳ್ಳೆಗಳನ್ನೂ ಜಿಡ್ಡನ್ನೂ ಅಳಿಸಿದ. ಉಳಿದದ್ದು ಬೋಳು ಬೋಳಾದ ಕಂದು ದಿಬ್ಬಗಳು. ಅವುಗಳ ನಡುವೆ ಅಕ್ಕನ ಬೀದಿ ಎಲ್ಲಕ್ಕಿಂತ ಎತ್ತರವಾಗಿ ತಲೆಯೆತ್ತಿ ನಿಂತಿತ್ತು.

"ಮೊದಲಿನದೇ ಚೆನ್ನಾಗಿತ್ತಪ್ಪ," ಎಂದರು ಬಿಸ್ಕತ್ತಿನ ಸದಸ್ಯರು, ಅದನ್ನು ಮತ್ತೆ ಕೈಗೆತ್ತಿಕೊಳ್ಳುತ್ತ.

"ಚೆನ್ನಾಗಿದ್ದಿದ್ದಕ್ಕೇ ದಾರಿ ತಪ್ತಿದ್ವಿ," ಎನ್ನುತ್ತ ಅಧ್ಯಕ್ಷೆ ಆ ಎತ್ತರದ ದಿಬ್ಬದ ಬೀದಿಗೆ ಗಾಡಿ ಕಳಿಸಲು ಆದೇಶ ಬರೆದರು. ಎಂಜಿನಿಯರು ಚಿತ್ರಕಾರನ ಕಿವಿಯ ಬಳಿ ಬಗ್ಗಿದರು. "ಈಗ ಥೇಟ್ ನನ್ ನಕ್ಷೆ ಹಾಗೇ ಕಾಣ್ತಿದೆ, ಅಲ್ವೇನ್ರೀ?" ಜನ್ಮದಲ್ಲೇ ಬಂದಿರದಷ್ಟು ದೊಡ್ಡ ಛೀ ಆತನ ಬಾಯಿಗೆ ಬಂತು; ಅದನ್ನು ನುಂಗಿಕೊಂಡ.

ಮಾರನೆಯ ದಿನ ಗಾಡಿ ಅಕ್ಕನ ಮನೆಯ ಮುಂದೆ ಗುಡುಗಿತು. ಛೀ ಸಾಹೇಬ ಮೂಗು ಮುಚ್ಚಿಕೊಂಡು, ಮುಚ್ಚಳ ತೆಗೆದ ಚರಂಡಿ ಗುಂಡಿಯೊಳಗೆ ಇಣುಕಿದ. ನಾತ ಕಣ್ಣಲ್ಲಿ ನೀರು ತರಿಸಿತು. ಹೂಳು ಮಾತ್ರ ನೆನೆದ ಸಿಮೆಂಟಿನ ಹಾಗೆ ಬೂದು ಬೂದಾಗಿ, ಸತ್ತು ಬಿದ್ದಿತ್ತು. ಗುಳ್ಳೆಯಿಲ್ಲ, ಲೋಳೆಯಿಲ್ಲ, ಮಿರುಗಿಲ್ಲ.

"ಛೀ," ಎಂದ ನಿಜವಾದ ನೋವಿನಿಂದ. "ಇದಕ್ಕೆ ಹೊಳಪೇ ಇಲ್ವಲ್ಲಕ್ಕ."

ಅಕ್ಕ ಒಳಗೆ ಹೋಗಿ ಬಚ್ಚಲು ಉಜ್ಜುವ ಬ್ರಷ್ಷನ್ನೂ ಬಕೆಟ್ಟನ್ನೂ ತಂದು ಅವನ ಕೈಗಿಟ್ಟಳು.

"ತಗೊಳ್ಳೋ ನಿನ್ ಕುಂಚ. ಬಚ್ಚಲು ಹಾಗೇ ಬಿದ್ದಿದೆ. ನಿಂಗೆ ಬೇಕಾದಷ್ಟು ಹೊಳಪು ಬರೋವರೆಗೂ ಉಜ್ಜು."